ಹಿತ್ತಾಳೆ ಬಿಲ್ಲೆಯ ಹಿಂಬದಿ

ಮೊಳೆಯಿಂದ ಬಿಲ್ಲೆ ತೆಗೆಯುವ ಮೊದಲು ಲೀಲಾಕ್ಷಿ ಬೆರಳಿಗೆ ಕರವಸ್ತ್ರ ಸುತ್ತಿಕೊಂಡಳು.

"ಮುಟ್ಟಬ್ಯಾಡ್ರಿ ಬಾಯಾರ," ಎಂದಳು ಶಿವಬಸವ್ವ, ಹೊಸ್ತಿಲು ದಾಟದೆ. "ಸತ್ತವರ ಬಿಲ್ಲಿ ಅದು."

"ಮುಟ್ಟಲಿಲ್ಲಂದ್ರ ನಿಮ್ಮ ಮಗ ಇವತ್ತೂ ಒಳಗ ಇರ್ತಾನ್ರಿ."

ಶಿವಬಸವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಕೆಯ ಒಬ್ಬನೇ ಮಗ ರೋಹಿತ ಲಾಕಪ್ಪಿನಲ್ಲಿದ್ದ. ಅದೇ ಚಾಳಿನ ನಿಜಲಿಂಗಪ್ಪನನ್ನು ಕೊಂದ ಆರೋಪ. ಮಧ್ಯಾಹ್ನ ಅವನನ್ನು ಮತ್ತೆ ಕೋರ್ಟಿಗೆ ಒಯ್ಯುವವರಿದ್ದರು.

ಇನ್‌ಸ್ಪೆಕ್ಟರ್ ಕಾಳೋಖೆ ಕೆಟ್ಟ ಮನುಷ್ಯನಲ್ಲ, ಕೆಲಸ ಬೇಗ ಮುಗಿಯಲಿ ಎನ್ನುವ ಮನುಷ್ಯ. "ಮ್ಯಾಡಮ್, ಬಿಲ್ಲೆ ತಿರುಗಿಸಿದವರನ್ನು ಕೋರ್ಟಿಗೆ ಹೋಗುವುದರೊಳಗೆ ತಂದು ನಿಲ್ಲಿಸಿ, ನಾನೇ ಹುಡುಗನನ್ನು ಬಿಡುವ ಮಾತಾಡುತ್ತೇನೆ," ಎಂದು ಮರಾಠಿಯಲ್ಲಿ ಹೇಳಿ, ಚಾಳಿನವರು ಕೂಡುವ ಸಮಾಜ ಮಂದಿರದ ಬೀಗದ ಕೈ ಕೊಟ್ಟು ಕಳಿಸಿದ್ದ. ಹೆಣ ಸಿಕ್ಕ ಬುಧವಾರದಿಂದ ಬಿಲ್ಲೆಗಳಿದ್ದ ಆ ಮಂದಿರಕ್ಕೂ ಪೊಲೀಸರ ಬೀಗವಿತ್ತು.

ಬಿಲ್ಲೆಯ ವಿಷಯಕ್ಕೆ ಬರೋಣ.

ಕಂಪನಿಗೆ ಒಂದು ಹೆಸರಿತ್ತು, ಚಾಳಿನಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಪುಣೆಯ ಸಾಸವಡ ರಸ್ತೆಯ ಆ ಭಾಗದಲ್ಲಿ ಕಂಪನಿ ಎಂದರೆ ಒಂದೇ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರು ಅದರ ತಗಡು ಒತ್ತುವ ಪ್ರೆಸ್ ಶಾಪಿಗೆ ಕಿವಿಯನ್ನೂ ಬೆರಳನ್ನೂ ಒಪ್ಪಿಸಿ, ಮಕ್ಕಳ ಮದುವೆ ಮಾಡಿ, ಒಂದು ಬೆಳಿಗ್ಗೆ ಪಾಳಿಗೆ ಬಂದು ನೋಡಿದರೆ ಗೇಟಿಗೆ ಬೀಗ ಬಿದ್ದಿತ್ತು. ಆಮೇಲೆ ಯಂತ್ರಗಳು ಗುಜರಿಗೆ ಹೋದವು. ಈಗ ಆ ಜಾಗದಲ್ಲಿ ಗಾಜಿನ ಕಟ್ಟಡ ಏಳುತ್ತಿದೆ. ಅದರ ಬೆನ್ನಿಗೆ ಕಾರ್ಮಿಕರ ಸಾಲುಮನೆಗಳ ಈ ಚಾಳು, ಚಾಳಿನಲ್ಲಿ ಕೆಲಸ ಹೋದ ಮೇಲೂ ಬೆಳಗಿನ ಪಾಳಿಯ ಹೊತ್ತಿಗೇ ಎಚ್ಚರವಾಗುವ ಮುದುಕರು.

ಗುಜರಿಯಿಂದ ಅವರು ಕೇಳಿ ಪಡೆದದ್ದು ಒಂದೇ ವಸ್ತು, ಗೇಟಿನ ಬಿಲ್ಲೆಯ ಹಲಗೆ. ಒಬ್ಬೊಬ್ಬನಿಗೆ ಒಂದು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಬಿಲ್ಲೆಯ ಒಂದು ಮಗ್ಗುಲಲ್ಲಿ ನಂಬರು, ಇನ್ನೊಂದು ಮಗ್ಗುಲು ಬೋಳು. ಒಳಗೆ ಬಂದವನು ನಂಬರು ಎದುರಿಗೆ ಬರುವಂತೆ ತಿರುವಬೇಕು, ಹೊರಗೆ ಹೋಗುವಾಗ ಬೋಳು ಮಾಡಬೇಕು. ಹಲಗೆ ಬಹಳ ಕಾಲ ಸಮಾಜ ಮಂದಿರದಲ್ಲಿ ಸುಮ್ಮನೆ ತೂಗುತ್ತಿತ್ತು.

ಆಮೇಲೊಂದು ಬೇಸಿಗೆಯಲ್ಲಿ ಒಂಟಿಯಾಗಿದ್ದ ಒಬ್ಬ ತನ್ನ ಒಂದೇ ಕೋಣೆಯ ಖೋಲಿಯಲ್ಲೇ ಸತ್ತ. ಚಾಳಿಗೆ ಅದು ತಿಳಿದದ್ದು ವಾಸನೆಯಿಂದ. ಆ ನಾಚಿಕೆಯನ್ನು ಅವರು ಯಾರೂ ಮರೆತಿಲ್ಲ. ಮರುದಿನ ಹಲಗೆಯ ಮುಂದೆ ನಿಂತು ನಿಜಲಿಂಗಪ್ಪನೇ ಹೇಳಿದನಂತೆ: ಒಂಟಿಯಾಗಿ ಇರುವವರೆಲ್ಲ ದಿನಾ ಮುಂಜಾನೆ ಬಂದು ಬಿಲ್ಲೆ ತಿರುವಬೇಕು, ಚಹಾ ಕುಡಿದು ಹೋಗಬೇಕು. ಚಹಾ ಮುಗಿದರೂ ಯಾರ ಬಿಲ್ಲೆ ಬೋಳಾಗಿದೆಯೋ ಅವರ ಬಾಗಿಲು ಬಡಿಯಬೇಕು. ವಿಮಾನ ನಗರದ ಕಡೆಯ ಕಾಲೇಜಿನ ಮಕ್ಕಳು ಬಂದು ಈ ಪದ್ಧತಿಗೆ ಏನೋ ಒಂದು ಇಂಗ್ಲಿಷ್ ಹೆಸರಿಟ್ಟು ಫೋಟೋ ಹೊಡೆದುಕೊಂಡು ಹೋದರು. ಹೆಸರು ಯಾರಿಗೂ ನೆನಪಿಲ್ಲ, ಪದ್ಧತಿ ಮಾತ್ರ ನಡೆಯುತ್ತಿತ್ತು.

ಆ ಪದ್ಧತಿಯನ್ನೇ ಯಾರೋ ಹೆಣದ ಕಾವಲಿಗೆ ಇಟ್ಟಿದ್ದರು. ನಿಜಲಿಂಗಪ್ಪ ಸತ್ತದ್ದು ಸೋಮವಾರ ರಾತ್ರಿ, ತನ್ನ ಖೋಲಿಯಲ್ಲಿ, ತಲೆಯ ಹಿಂದೆ ಏಟು ಬಿದ್ದು. ಮಂಗಳವಾರ ಮುಂಜಾನೆ ಅವನ ಬಿಲ್ಲೆ ತಿರುಗಿತ್ತು. ನಂಬರು ಎದುರಿಗಿದ್ದ ಮೇಲೆ ಬಾಗಿಲು ಬಡಿಯುವವರು ಯಾರು? ಬುಧವಾರ ಅವನ ಬಾಗಿಲಿಗೆ ಎರಡನೆಯ ಹಾಲಿನ ಪಾಕೀಟು ತೂಗಿದಾಗಲೇ ಜನಕ್ಕೆ ಅನುಮಾನ ಬಂದದ್ದು.

ಲೀಲಾಕ್ಷಿಯ ಲೆಕ್ಕ ಸರಳವಾಗಿತ್ತು. ರೋಹಿತ ಬಿಲ್ಡರನ ಕೈಕೆಳಗೆ ಇದ್ದವನು, ಚಾಳು ಬಿಡಲು ಜನರನ್ನು ಒಪ್ಪಿಸುವುದು ಅವನ ಕೆಲಸ. ನಿಜಲಿಂಗಪ್ಪ ಒಪ್ಪಿರಲಿಲ್ಲ. ಸೋಮವಾರ ಸಂಜೆ ಇಬ್ಬರೂ ಓಣಿಯಲ್ಲಿ ಕೂಗಾಡಿದ್ದನ್ನು ಎಲ್ಲರೂ ಕೇಳಿದ್ದರು. ಆದರೆ ಆ ರಾತ್ರಿಯೇ ಅವನು ದೌಂಡಕ್ಕೆ, ಅಕ್ಕನ ಮನೆಗೆ, ರೈಲು ಹತ್ತಿದ್ದ. ಮಂಗಳವಾರ ಮುಂಜಾನೆ ಅವನು ಅಲ್ಲಿದ್ದದ್ದನ್ನು ಕಂಡ ರೈಲ್ವೆ ಜನರಿದ್ದಾರೆ. ಅಂದ ಮೇಲೆ ಬಿಲ್ಲೆ ತಿರುಗಿಸಿದ ಕೈ ಅವನದಲ್ಲ. ಆ ಕೈಗೆ ಸಾವಿನ ಸುದ್ದಿ ಗೊತ್ತಿತ್ತು.

ನಿನ್ನೆ ಲಾಕಪ್ಪಿನಲ್ಲಿ ಅವನನ್ನು ನೋಡಿ ಬಂದಿದ್ದಳು. ಕಂಬಿ ಹಿಡಿದು ಅವನು ಕೇಳಿದ್ದು ತನ್ನ ಬಗ್ಗೆ ಅಲ್ಲ, ತಾಯಿಯ ಬಗ್ಗೆ. "ಆಯಿ ಊಟ ಮಾಡ್ತಾಳೇನ್ರಿ? ನೀವು ಕುಂಡ್ರಿಸಿ ಉಣಿಸ್ರಿ," ಎಂದಿದ್ದ. ಲೀಲಾಕ್ಷಿಯ ಪತ್ತೇದಾರಿ ಕಚೇರಿ ವಿಮಾನ ನಗರದ ಮಾಲಿನ ಹಿಂದಿದೆ. ಅಲ್ಲಿ ಬರುವುದೆಲ್ಲ ಮದುವೆಯ ವಿಚಾರಣೆ: ಹುಡುಗ ಕುಡಿಯುತ್ತಾನೋ, ಹುಡುಗಿಗೆ ಬೇರೆ ಯಾರಾದರೂ ಇದ್ದಾರೋ. ಇಪ್ಪತ್ತು ವರ್ಷದಲ್ಲಿ ಸಾವಿರ ಸುಳ್ಳು ಕೇಳಿದ ಅವಳ ಕಿವಿಗೆ ಆ ಮಾತು ಸುಳ್ಳು ಅನ್ನಿಸಿರಲಿಲ್ಲ. ಆದರೂ ಪೂರ್ತಿ ನಂಬಿರಲಿಲ್ಲ, ನಂಬಿದರೆ ಅವಳ ಕಸುಬು ನಡೆಯುವುದಿಲ್ಲ.

ಬಿಲ್ಲೆಯನ್ನು ಮೊಳೆಯಿಂದ ಬಿಡಿಸಿ ಹಿಂದುಮುಂದು ಮಾಡಿದಳು.

ಬೋಳು ಮಗ್ಗುಲಲ್ಲಿ ವಿಭೂತಿ ಇತ್ತು. ನೀರು ಬೆರೆಸಿ ಬೆರಳಿನಿಂದ ಎಳೆದ ಗೆರೆಗಳು, ಒಣಗಿ ಹಿತ್ತಾಳೆಗೆ ಕಚ್ಚಿಕೊಂಡಿದ್ದವು.

"ಇದೇನ್ರಿ ಶಿವಬಸವ್ವಾರ?"

ಶಿವಬಸವ್ವ ಈಗ ಒಳಗೆ ಬಂದಳು. ಬಿಲ್ಲೆಯನ್ನು ನೋಡಿದ್ದೇ ಆಕೆಯ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು.

"ಕಡೀ ಪಾಳೀದು," ಎಂದಳು. "ಕಂಪನ್ಯಾಗ ಯಾರರ ಸತ್ರಂದ್ರ, ಬಿಲ್ಲಿ ತಗಿಯೂಕಿಂತ ಮೊದಲ ಜೋಡಿದಾರರು ವಿಭೂತಿ ಹಚ್ಚತಿದ್ರು. ಪಾಳಿ ಮುಗೀತು, ಹೋಗಿ ಬಾ ಅಂತ. ಆದ್ರ ಅದನ್ನ ಎಲ್ಲಾರೂ ಕೂಡಿ, ನಂಬರಿನ ಮ್ಯಾಲ ಹಚ್ಚತಿದ್ರು. ಹಿಂಗ ಹಿಂದ ಮುಚ್ಚಿಟ್ಟು ಅಲ್ಲ."

"ಅಂದ್ರ ಯಾರಿಗೂ ಕಾಣಬಾರದಂತ ಹಚ್ಚಿದ್ದು."

"ಹಂಗ ಕಾಣ್ತದ್ರಿ."

"ಗೆರಿ ಎಷ್ಟ ಅವ?"

ಶಿವಬಸವ್ವ ನೋಡಿದಳು, ನೋಟ ತಪ್ಪಿಸಿದಳು. "ಎರಡ," ಎಂದಳು.

ವಿಭೂತಿಯನ್ನು ಎರಡು ಗೆರೆ ಯಾರೂ ಹಚ್ಚುವುದಿಲ್ಲ. ಮೂರು ಬೆರಳು, ಮೂರು ಗೆರೆ. ಹಣೆಗಾಗಲಿ, ಬಾಗಿಲಿಗಾಗಲಿ, ಹೊಸ ಹೊಲಿಗೆ ಯಂತ್ರಕ್ಕಾಗಲಿ ಅಷ್ಟೇ. ಹಾಗಿರುವಾಗ ಎರಡು ಗೆರೆಯ ಒಂದು ಹಣೆಯನ್ನು ಲೀಲಾಕ್ಷಿ ಈ ಚಾಳಿನಲ್ಲೇ, ಬಂದ ಮೊದಲ ದಿನವೇ ನೋಡಿದ್ದಳು. ನೋಡಿಯೂ ನೋಡಿರಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು.

"ನಿಜಲಿಂಗಪ್ಪನವರ ದೋಸ್ತ ಭೀಮಣ್ಣ," ಎಂದಳು.

"ಭೀಮಣ್ಣ ಕಾಕಾ ಅಲ್ರಿ," ಎಂದಳು ಶಿವಬಸವ್ವ ಥಟ್ಟನೆ. "ಅಂವಾ ತಿರುವಿಲ್ಲ."

"ನಿಮಗ ಹ್ಯಾಂಗ ಗೊತ್ತು?"

ಮಗನನ್ನು ಬಿಡಿಸುವ ಸಾಕ್ಷಿ ಕೈಗೆ ಬಂದಾಗ ತಾಯಿಯ ಮುಖ ಅರಳಬೇಕು. ಈಕೆಯ ಮುಖ ಬಾಡಿತ್ತು. ಲೀಲಾಕ್ಷಿ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

"ಮಂಗಳವಾರ ಮುಂಜಾನೆ ಮಂದಿರದ ಬಾಗಲಾ ತಗದವ್ರು ನೀವ ಅಲ್ಲೇನ್ರಿ?"

"ದಿನಾ ನಾನ ತಗೀತೇನ್ರಿ. ಕ್ಯಾಂಟೀನಿನ ರೂಢಿ. ಹಿಂದ ಸ್ಟೋವ್ ಹಚ್ಚತೇನಿ. ಬಿಲ್ಲಿ ನೋಡಿ ಚಹಾ ಇಡೂದು, ತಿರುಗಿದಷ್ಟು ಮಂದಿಗಿ. ನಿಜಲಿಂಗಪ್ಪ ಕಾಕಾಗ ಸಕ್ಕರಿ ಬ್ಯಾನಿ, ಅವಂದು ಸಕ್ಕರಿ ಇಲ್ಲದ್ದು, ಸಣ್ಣ ಪಾತೇಲಿಯೊಳಗ ಬ್ಯಾರೆ."

"ಆ ದಿನ ಅವರ ಬಿಲ್ಲಿ ಯಾರು ತಿರುವಿದ್ರು, ನೋಡಲಿಲ್ಲ?"

"ನಾ ಹಿಂದ ಇದ್ದೇನ್ರಿ, ಬೆನ್ನ ಮಾಡಿ." ಅಷ್ಟು ಹೇಳಿ ಆಕೆ ಹೊರಟಳು. "ನೀವು ಭೀಮಣ್ಣ ಕಾಕಾನ ಕಡೆ ನಡೀರಿ. ನಾ ಚಹಾ ಮಾಡಿ ಅಲ್ಲೇ ತರ್ತೇನಿ."

ಓಣಿಯ ಕೊನೆಯಲ್ಲಿ ಉಳ್ಳಾಗಡ್ಡಿ, ಆಲೂಗಡ್ಡೆಯ ಕೈಗಾಡಿಯವನು "ಕಾಂದೇ ಬಟಾಟೇ" ಎಂದು ಕೂಗುತ್ತಿದ್ದ.

ಭೀಮಣ್ಣ ಆಗಷ್ಟೇ ಸ್ನಾನ ಮಾಡಿ ಕನ್ನಡಿಯ ಮುಂದೆ ನಿಂತಿದ್ದ. ಹಣೆಯಲ್ಲಿ ವಿಭೂತಿ ಹಸಿಯಾಗಿತ್ತು. ಎರಡೇ ಗೆರೆ.

ಅವನೊಂದಿಗೆ ಗುಟ್ಟು ಮಾತಾಡುವುದೇ ಒಂದು ಪೇಚಾಟ. ಪ್ರೆಸ್ ಶಾಪು ಅವನ ಎರಡೂ ಕಿವಿಗಳನ್ನು ತಿಂದು, ಬಲಗಿವಿಯಲ್ಲಿ ಮಾತ್ರ ಸ್ವಲ್ಪ ಉಳಿಸಿತ್ತು. ಚಾಳಿನಲ್ಲಿ ಗೋಡೆ ಇರುವುದು ಹೆಸರಿಗೆ. ಈ ಕೋಣೆಯಲ್ಲಿ ಸೀನಿದರೆ ನಾಲ್ಕನೆಯ ಕೋಣೆಯವರು ಚಿರಂಜೀವಿಯಾಗು ಅನ್ನುತ್ತಾರೆ. ಲೀಲಾಕ್ಷಿ ಬಾಗಿಲು ಮುಂದೆ ಮಾಡಿದಳು, ಕಿಟಕಿ ಮುಚ್ಚಲು ನೋಡಿದಳು, ಅದಕ್ಕೆ ಬಾಗಿಲೇ ಇರಲಿಲ್ಲ. ಹಾಗೇ ಅವನ ಬಲಗಿವಿಯ ಹತ್ತಿರ ಬಂದಳು.

"ಭೀಮಣ್ಣಾರ, ವಿಭೂತಿ ಎರಡ ಗೆರಿ ಯಾಕ್ರಿ?"

"ಆಂ?"

ಮತ್ತೆ ಕೇಳಿದಳು, ಜೋರಾಗಿ.

ಅವನು ಬಲಗೈ ಎತ್ತಿ ತೋರಿಸಿದ. ಉಂಗುರದ ಬೆರಳಿರಬೇಕಾದಲ್ಲಿ ಒಂದು ಮೊಂಡು ಗುಬಟು. "ಮೂರನೇದು ಕಂಪನ್ಯಾಗ ಬಿಟ್ಟು ಬಂದೇನ್ರಿ," ಎಂದು ನಕ್ಕ. ಈ ಮಾತನ್ನು ಅವನು ಬಹಳ ಜನಕ್ಕೆ ಹೇಳಿ ಬಹಳ ಸಲ ನಗಿಸಿರಬೇಕು.

ಲೀಲಾಕ್ಷಿ ನಗಲಿಲ್ಲ. ಕರವಸ್ತ್ರ ಬಿಚ್ಚಿ ಟ್ರಂಕಿನ ಮೇಲೆ ಬಿಲ್ಲೆಯನ್ನು ಬೋರಲಾಗಿ ಇಟ್ಟಳು.

ನಗು ಹೋಯಿತು. ಭೀಮಣ್ಣ ಮಂಚದ ಅಂಚಿಗೆ ಕೈಯೂರಿ ನಿಧಾನವಾಗಿ ಕುಳಿತ.

"ಮೂರು ಸಲ ಕೇಳಿದೆ ನಿಮ್ಮನ್ನ," ಎಂದಳು ಲೀಲಾಕ್ಷಿ. "ಮಂಗಳವಾರ ನಿಜಲಿಂಗಪ್ಪನವರನ್ನ ನೋಡಿದ್ರೇನು ಅಂತ. ಮೂರೂ ಸಲ ಇಲ್ಲ ಅಂದ್ರಿ. ಪೊಲೀಸ್ರಿಗೂ ಇಲ್ಲ ಅಂದ್ರಿ. ಆ ಹುಡುಗ ಅಲ್ಲಿ ಕಂಬಿ ಎಣಸಾಕತ್ಯಾನ."

"ಸುಳ್ಳ ಹೇಳಿದೆ."

"ಖರೇ ಹೇಳ್ರಿ ಈಗ."

ಅವನು ಬಿಲ್ಲೆಯನ್ನೇ ನೋಡುತ್ತ ಹೇಳತೊಡಗಿದ. ಕಿವುಡರ ದನಿ, ತನಗೇ ಕೇಳಲಿ ಎಂಬಂತೆ ದೊಡ್ಡದು.

"ದಿನಾ ನಾವಿಬ್ರೂ ಕೂಡೇ ಮಂದಿರಕ್ಕ ಹೋಗವ್ರು. ಮಂಗಳವಾರ ಕರಿಯಾಕ ಹೋಗಿ ನಿಜಲಿಂಗನ ಖೋಲಿ ಬಾಗಲಾ ನೂಕಿದೆ, ತಗದಿತ್ತು. ನೆಲದ ಮ್ಯಾಲ ಬಿದ್ದಿದ್ದ. ಮೈ ತಣ್ಣಗ ಆಗಿತ್ರಿ ಬಾಯಾರ. ತಲಿ ಕೆಳಗ ರಕ್ತ ಒಣಗಿತ್ತು. ನಾ ಹೊರಗ ಬಂದೆ. ಒದರಬೇಕಂತ ಬಾಯಿ ತಗದೆ. ಒದರಾಕ ಆಗಲಿಲ್ಲ."

"ಯಾಕ?"

"ಹಿಂದಿನ ದಿನ ನಾನೂ ಅವನ ಜೋಡಿ ಜಗಳಾ ಮಾಡಿದ್ದೆ. ರೋಹಿತ ಒಬ್ಬನ ಅಲ್ಲ. ನಾ ಬಿಲ್ಡರ್ಗ ಹೂಂ ಅಂದಿದ್ದೆ. ಲಿಫ್ಟ್ ಇರೂ ಮನಿ ಕೊಡ್ತೇನಿ ಅಂದಾನ, ಈ ಮೆಟ್ಟಲಾ ನನ್ನ ಮೊಣಕಾಲಿಗಿ ಆಗೂದಿಲ್ಲ. ನಿಜಲಿಂಗ ನನ್ನ ಮಾರಿ ಮ್ಯಾಲ ಅಂದ, ಬೆರಳ ಕಂಪನಿಗಿ ಕೊಟ್ಟಿ, ನೆರಳ ಬಿಲ್ಡರ್ಗ ಕೊಟ್ಟಿ ಅಂತ. ನಾನೂ ಅನಬಾರದ್ದು ಅಂದೆ." ಅವನು ಮುಂಗೈಯಿಂದ ಕಣ್ಣೊರೆಸಿಕೊಂಡ. "ಅದ ನಮ್ಮ ಕಡೀ ಮಾತಾತು. ನಲವತ್ತ ವರ್ಷದ ದೋಸ್ತಿರಿ."

ಅವನ ದುಃಖ ನಾಟಕವಲ್ಲ ಎಂದು ಲೀಲಾಕ್ಷಿಗೆ ಅನ್ನಿಸಿತು. ಆದರೆ ಹೊಡೆದವನೂ ಅಳಬಲ್ಲ. ಜಗಳ, ಭಯ, ಸುಳ್ಳು, ಕೊನೆಗೆ ಬಿಲ್ಲೆಯ ಮೇಲೆ ಬೆರಳು, ಎಲ್ಲವೂ ಒಬ್ಬನ ಕಡೆಗೇ ಬೆಟ್ಟು ಮಾಡುತ್ತಿದ್ದವು. ಇವನನ್ನು ಈಗಲೇ ಕಾಳೋಖೆಯ ಮುಂದೆ ನಿಲ್ಲಿಸಿದರೆ ರೋಹಿತ ಸಂಜೆಗೆ ಮನೆಯಲ್ಲಿರುತ್ತಾನೆ.

"ಅದಕ್ಕ ಬಿಲ್ಲಿ ತಿರುವಿದ್ರಿ," ಎಂದಳು. "ಯಾರೂ ಬಾಗಲಾ ಬಡೀಬಾರದಂತ."

"ಆಂ?"

"ಬಿಲ್ಲಿ ಯಾಕ ತಿರುವಿದ್ರಿ ಅಂತ ಕೇಳಿದೆ," ಎಂದು ಬಹುತೇಕ ಕಿರುಚಿದಳು.

ಭೀಮಣ್ಣ ತಲೆಯೆತ್ತಿದ. ಅವನ ಮುಖದಲ್ಲಿ ಇದ್ದದ್ದು ಬೆರಗು.

"ನಾ ತಿರುವಿಲ್ರಿ."

"ವಿಭೂತಿ ನಿಮ್ಮದ."

"ವಿಭೂತಿ ನಂದ. ತಿರುವಿದ್ದು ನಾ ಅಲ್ಲ. ಸುದ್ದಿ ಹೇಳೂದಕ್ಕ ಅಂತನ ಮಂದಿರಕ್ಕ ಹೋದೆ. ಹಲಗಿ ನೋಡಿದೆ. ನಿಜಲಿಂಗನ ನಂಬರ ಎದರಿಗಿ ಇತ್ತು. ಅಂವಾ ಅಲ್ಲಿ ಸತ್ತು ಬಿದ್ದಾನ, ಇಲ್ಲಿ ಪಾಳಿಗಿ ಹಾಜರಾಗ್ಯಾನ. ನಮ್ಮೊಳಗ ಯಾರೋ ಒಬ್ರಿಗಿ ಎಲ್ಲಾ ಗೊತ್ತದ, ಗೊತ್ತಿದ್ದು ಮುಚ್ಚ್ಯಾರ. ಬಾಯಿ ಬಿಟ್ರ ನಾಳೆ ನನ್ನ ಬಿಲ್ಲೀನೂ ಹಿಂಗ ತಿರುಗ್ತದ ಅಂತ ಅನಸ್ತು."

"ಮತ್ತ ವಿಭೂತಿ?"

"ದೋಸ್ತಗ ಏನೂ ಮಾಡದ ಹ್ಯಾಂಗ ಬರೂದ್ರಿ," ಎಂದ ಭೀಮಣ್ಣ. "ಹಿಂದ ಹಚ್ಚಿದೆ. ಮತ್ತ ಹಂಗ ತೂಗ ಹಾಕಿದೆ."

ಲೀಲಾಕ್ಷಿಗೆ ನಂಬಲು ಮನಸ್ಸಿರಲಿಲ್ಲ. ನಂಬಿದರೆ ಕೈಗೆ ಬಂದ ಸಾಕ್ಷಿ ಜಾರಿ ಹೋಗುತ್ತದೆ. ಸುಳ್ಳು ಹೇಳುವವರು ದೊಡ್ಡ ಸಂಗತಿಗಳನ್ನು ಚೆನ್ನಾಗಿ ಕಟ್ಟುತ್ತಾರೆ, ಸಣ್ಣವುಗಳಲ್ಲಿ ತಡವರಿಸುತ್ತಾರೆ. ಮದುವೆ ಗಂಡುಗಳು ಅವಳಿಗೆ ಕಲಿಸಿದ ಪಾಠ ಅದು.

"ಆ ಹೊತ್ತಿಗಿ ಮಂದಿರದಾಗ ಏನೇನ ಇತ್ತು, ಒಂದೊಂದ ಹೇಳ್ರಿ."

"ದೇವರ ಮುಂದ ದೀಪಾ ಹಚ್ಚಿತ್ತು. ಹಲಗಿ ಮ್ಯಾಲ ಬ್ಯಾರೆ ಯಾರದ್ದೂ ತಿರುಗಿರಲಿಲ್ಲ, ಅವಂದ ಒಂದ. ಹಿಂದ ಶಿವಬಸವ್ವ ಬೆನ್ನ ಮಾಡಿ ಕೂತಿದ್ಲು. ಸ್ಟೋವ್ ಮ್ಯಾಲ ದೊಡ್ಡ ಭಗೋಣ್ಯಾಗ ಬರೇ ನೀರ ಕುದೀತಿತ್ತು."

"ಸಣ್ಣ ಪಾತೇಲಿ?"

"ಅದು ಗೂಟಕ್ಕ ಇತ್ರಿ. ತೊಳದು ತೂಗ ಹಾಕಿದ್ದು ಹಂಗ ಇತ್ತು. ಅದನ್ನ ನೋಡಿನ ನನಗ ಅಳು ತಡಿಯಾಕ ಆಗಲಿಲ್ಲ, ಇನ್ನ ಅದನ್ನ ಯಾರ ಸಲುವಾಗಿ ಇಳಸಬೇಕು ಅಂತ."

ಲೀಲಾಕ್ಷಿ ಮಂದಿರದಲ್ಲಿ ಕೇಳಿದ ಮಾತನ್ನು ನೆನೆದಳು.

ಬಿಲ್ಲಿ ನೋಡಿ ಚಹಾ ಇಡೂದು, ಎಂದಿದ್ದಳು ಶಿವಬಸವ್ವ. ತಿರುಗಿದಷ್ಟು ಮಂದಿಗಿ. ಆ ಮುಂಜಾನೆ ತಿರುಗಿದ್ದ ಬಿಲ್ಲೆ ಒಂದೇ, ಅದೂ ಸಕ್ಕರೆ ಇಲ್ಲದ ಚಹಾದವನದು. ಮೊದಲು ಒಲೆಗೇರಬೇಕಾದ ಸಣ್ಣ ಪಾತೇಲಿ ಗೂಟದ ಮೇಲೇ ಇತ್ತು. ನಂಬರು ಎದುರಿಗಿದ್ದರೂ ಆ ಚಹಾ ಕುಡಿಯುವವನು ಬರುವುದಿಲ್ಲ ಎಂದು ಚಹಾ ಇಡುವವಳಿಗೆ ಗೊತ್ತಿತ್ತು. ಬೀಗ ತೆಗೆದು ಮೊದಲು ಒಳಗೆ ಬಂದವಳೂ ಅವಳೇ.

ತನ್ನನ್ನು ಕರೆಸಿದವಳು. ಮಗ ನಿರಪರಾಧಿ ಎಂದು ವಿಮಾನ ನಗರದವರೆಗೆ ಎರಡು ಬಸ್ಸು ಬದಲಿಸಿ ಬಂದವಳು.

ಬಾಗಿಲು ಸರಿಯಿತು. ಶಿವಬಸವ್ವ ಎರಡು ಕಪ್ಪು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಚಹಾದ ಮೇಲೆ ಕೆನೆ ಕಟ್ಟಿತ್ತು. ಕಿವುಡನ ಜೊತೆ ನಡೆದ ಮಾತು ಬರೀ ಆಕೆಗೆ ಕೇಳಿರಲಿಕ್ಕಿಲ್ಲ. ಅರ್ಧ ಚಾಳಿಗೆ ಕೇಳಿರಬೇಕು.

"ಸಣ್ಣ ಪಾತೇಲಿ ಯಾಕ ಇಳಸಲಿಲ್ರಿ?" ಎಂದಳು ಲೀಲಾಕ್ಷಿ. ಈ ಸಲ ಮೆಲ್ಲಗೆ.

ಶಿವಬಸವ್ವ ಕಪ್ಪುಗಳನ್ನು ಟ್ರಂಕಿನ ಮೇಲೆ, ಬಿಲ್ಲೆಯ ಪಕ್ಕ, ಚೆಲ್ಲದಂತೆ ಇಟ್ಟಳು. ಆಮೇಲೆ ನೆಲದ ಮೇಲೆ ಕುಳಿತಳು.

"ನಾನ ತಿರುವಿದ್ದು," ಎಂದಳು. "ಭೀಮಣ್ಣ ಕಾಕಾಗ ಏನೂ ಮಾಡಬ್ಯಾಡ್ರಿ."

"ಕಾಕಾ ಸತ್ತದ್ದು ನಿಮಗ ಗೊತ್ತಿತ್ತೇನು?"

"ಗೊತ್ತಿರಲಿಲ್ರಿ. ದೇವರಾಣಿ ಗೊತ್ತಿರಲಿಲ್ಲ." ಆಕೆ ಕಣ್ಣು ಮುಚ್ಚಿದಳು. "ಬೆಳಕ ಹರಿಯೂಕಿಂತ ಮೊದಲ ಫೋನ್ ಬಂತು. ನಾ ಇನ್ನೂ ಹಾಸಗಿ ಮ್ಯಾಲ ಇದ್ದೆ. ದನಿ ಸಣ್ಣ ಮಾಡಿ, 'ಅವ್ವಾ, ಮಂದಿರಕ್ಕ ಹೋದಾಗ ನಿಜಲಿಂಗಪ್ಪ ಕಾಕಾನ ಬಿಲ್ಲಿ ತಿರುವಿಬಿಡು, ಯಾರಿಗೂ ಹೇಳಬ್ಯಾಡ' ಅಂದ. ಅಷ್ಟ. ಇಟ್ಟಬಿಟ್ಟ."

"ರೋಹಿತ?"

"ಮತ್ತ್ಯಾರ ಮಾಡ್ತಾರ್ರಿ ನನಗ? ಹಿಂದಿನ ದಿನ ಜಗಳಾ ಆಗಿತ್ತು. ಕಾಕಾ ಸಿಟ್ಟಿಲೆ ಊರಿಗಿ ಹೋಗ್ಯಾನೇನೋ, ಮಂದಿ ಗದ್ದಲಾ ಮಾಡಬಾರದಂತ ಅಂತಿದ್ದಾನೇನೋ ಅಂತ ನನಗ ನಾನ ಹೇಳಿಕೊಂಡೆ. ಯಾಕೋ ತಮ್ಮಾ ಅಂತ ತಿರುಗಿ ಫೋನ್ ಮಾಡಿ ಕೇಳಿಲ್ಲ. ಕೇಳಾಕ ಅಂಜಿಕಿ. ತಿರುವಿದೆ. ಆದ್ರ ಪಾತೇಲಿಗಿ ಕೈ ಹೋಗಲಿಲ್ರಿ ಬಾಯಾರ. ಮನಸು ಒಪ್ಪಿರಲಿಲ್ಲ, ಕೈಗಿ ಗೊತ್ತಾಗಿತ್ತು."

ಭೀಮಣ್ಣನಿಗೆ ಒಂದು ಮಾತೂ ಕೇಳಿರಲಿಲ್ಲ. ಆದರೂ ಆಕೆಯ ಮುಖ ನೋಡಿ ತನ್ನ ಕಪ್ಪಿನ ಚಹಾವನ್ನು ಆಕೆಯ ಮುಂದೆ ಸರಿಸಿದ.

"ನಿಮ್ಮನ್ನ ಕರಸಿದ್ದು ಅವನ್ನ ಬಿಡಸಾಕ ಅಷ್ಟ ಅಲ್ರಿ," ಎಂದಳು ಶಿವಬಸವ್ವ. "ಅಂವಾ ಮಾಡ್ಯಾನೋ ಇಲ್ಲೋ, ನನಗ ಗೊತ್ತಾಗಬೇಕಿತ್ತು. ಹೊಟ್ಟಿ ಮಗನ ಮ್ಯಾಲ ಸಂಶೆ ಇಟಗೊಂಡು ಅನ್ನ ಹ್ಯಾಂಗ ಇಳೀಬೇಕ್ರಿ?"

ಲೀಲಾಕ್ಷಿ ಬಿಲ್ಲೆಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದಳು. ಈ ಮಾತು ಕಾಳೋಖೆಯ ಕಿವಿಗೆ ಬಿದ್ದರೆ ರೋಹಿತನ ಕಥೆ ಮುಗಿಯಿತು. ದೌಂಡದ ರೈಲ್ವೆ ಜನ ನೂರು ಮಂದಿ ಬಂದು ಸಾಕ್ಷಿ ನುಡಿದರೂ ಫೋನಿಗೆ ರೈಲು ಬೇಕಾಗಿಲ್ಲ. ತಾನು ಹುಡುಕಿದ ಸಾಕ್ಷಿಯೇ ಅವನ ಕೊರಳಿಗೆ ಬಂದಿತ್ತು.

"ನಿಮ್ಮ ಫೋನ್ ಕೊಡ್ರಿ."

ಶಿವಬಸವ್ವ ಕುಬಸದೊಳಗಿಂದ ಗುಂಡಿ ಒತ್ತುವ ಸಣ್ಣ ಫೋನು ತೆಗೆದು ಕೊಟ್ಟಳು. ಲೀಲಾಕ್ಷಿ ಹಿಂದಿನ ಕರೆಗಳನ್ನು ಒಂದೊಂದಾಗಿ ಸರಿಸಿದಳು. ಮಂಗಳವಾರ ಬಂತು, ನಸುಕು ಬಂತು. ಅಲ್ಲಿದ್ದ ಹೆಸರು ರೋಹಿತನದಲ್ಲ.

"ಶಿವಬಸವ್ವಾರ, ಇದರಾಗ ಹೆಸರು ಯಾರು ತುಂಬಿದ್ರು?"

"ರೋಹಿತ ತುಂಬ್ಯಾನ್ರಿ. ನನಗೆಲ್ಲಿ ಓದಾಕ ಬರ್ತದ."

"ಆ ಕರೆ ಬಂದದ್ದು ನಿಜಲಿಂಗಪ್ಪನವರ ಫೋನಿನಿಂದ."

ಆ ಫೋನಿಗಾಗಿ ಪೊಲೀಸರು ವಾರದಿಂದ ಹುಡುಕುತ್ತಿದ್ದರು. ಹೆಣದ ಹತ್ತಿರ ಇರಲಿಲ್ಲ, ಅಂದಿನಿಂದ ಸ್ವಿಚ್ ಆಫ್ ಆಗಿತ್ತು. ಅದರ ಕರೆಗಳ ವಿವರ ಇನ್ನೂ ಫೋನ್ ಕಂಪನಿಯಿಂದ ಬಂದಿಲ್ಲ ಎಂದು ಕಾಳೋಖೆ ನಿನ್ನೆಯಷ್ಟೇ ಗೊಣಗಿದ್ದ. ಕೊಂದವನೇ ಅದನ್ನು ಒಯ್ದಿದ್ದಾನೆ, ಆ ಫೋನಿನಿಂದಲೇ ಈಕೆಗೆ ಮಾತಾಡಿದ್ದಾನೆ. ಶಿವಬಸವ್ವನಿಗೂ ಅದು ಅರ್ಥವಾಯಿತು. ಆಕೆ ಗೋಡೆಗೆ ಒರಗಿದಳು.

ಲೀಲಾಕ್ಷಿ ಮಾತ್ರ ಬೇರೆ ಏನನ್ನೋ ತಡಕುತ್ತಿದ್ದಳು. ಈಗಷ್ಟೇ ಕೇಳಿದ ಮಾತಿನಲ್ಲಿ ಒಂದು ಶಬ್ದ ಅಕ್ಕಿಯೊಳಗಿನ ಹರಳಿನಂತೆ ಹಲ್ಲಿಗೆ ಸಿಕ್ಕಿತ್ತು. ಕಂಬಿ ಹಿಡಿದ ಎರಡು ಕೈಗಳು ನೆನಪಾದವು.

"ಆ ಫೋನಿನ್ಯಾಗ ಏನಂದ ಅಂದ್ರಿ? ಮೊದಲನೇ ಮಾತು?"

"ಅವ್ವಾ ಅಂದ."

"ರೋಹಿತ ನಿಮಗ ಏನಂತ ಕರೀತಾನ?"

ಶಿವಬಸವ್ವ ಗೋಡೆ ಬಿಟ್ಟು ನೆಟ್ಟಗೆ ಕುಳಿತಳು. ಪುಣೆಯಲ್ಲಿ ಹುಟ್ಟಿ, ಇದೇ ಓಣಿಯ ಹುಡುಗರ ಜೊತೆ ಬೆಳೆದ ಮಗ. ಆಕೆಯ ಜೊತೆ ಕನ್ನಡವನ್ನೇ ಆಡುತ್ತಾನೆ, ಜಗಳವನ್ನೂ ಕನ್ನಡದಲ್ಲೇ ಆಡುತ್ತಾನೆ. ಒಂದು ಶಬ್ದ ಮಾತ್ರ ಮೊದಲ ತೊದಲಿನಿಂದಲೂ ಓಣಿಯ ಮರಾಠಿಯದು.

"ಆಯಿ," ಎಂದಳು. "ಆಯಿ ಅಂತಾನ್ರಿ. ಒಂದ ದಿನಾನೂ ಅವ್ವಾ ಅಂದಾಂವ ಅಲ್ಲ."

ಹೇಳಿದ ಮೇಲೆ ಆಕೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ದಿನ ಮಗನನ್ನು ಕೊಲೆಗಾರನೆಂದು ಮನಸ್ಸಿನಲ್ಲಿ ಇಟ್ಟುಕೊಂಡು ಬುತ್ತಿ ಕಟ್ಟಿ ಲಾಕಪ್ಪಿಗೆ ಒಯ್ದಿದ್ದಳು, ಅವನ ಕಣ್ಣಲ್ಲಿ ಕಣ್ಣಿಡದೆ ಬಂದಿದ್ದಳು. ಅವನು ಎಂದೂ ಆಡದ ಒಂದು ಶಬ್ದವನ್ನು ನಂಬಿ. ಕನ್ನಡ ತಾಯಿಯ ಮಗ ಅವ್ವಾ ಎಂದೇ ಕರೆಯುತ್ತಾನೆಂದು ಎಣಿಸಿದವನು ಯಾರೋ. ಹಲಗೆಯ ಪದ್ಧತಿ ಬಲ್ಲವನು, ಬೀಗ ತೆಗೆಯುವವಳು ಯಾರೆಂದು ಬಲ್ಲವನು. ಆ ಮನೆಯೊಳಗಿನ ಮಾತೊಂದನ್ನು ಮಾತ್ರ ಅರಿಯದವನು.

ಲೀಲಾಕ್ಷಿ ಕಾಳೋಖೆಗೆ ಫೋನು ಮಾಡಲು ತನ್ನ ಚೀಲಕ್ಕೆ ಕೈ ಹಾಕಿದಳು.

ಅಷ್ಟರಲ್ಲಿ ಶಿವಬಸವ್ವನ ಫೋನು ಅವಳ ಇನ್ನೊಂದು ಕೈಯಲ್ಲೇ ಹೊಡೆದುಕೊಂಡಿತು. ಸಣ್ಣ ಪರದೆಯ ಮೇಲೆ ಮರಾಠಿ ಅಕ್ಷರಗಳಲ್ಲಿ ಸತ್ತವನ ಹೆಸರು ಮಿಣುಕುತ್ತಿತ್ತು.

ಶಿವಬಸವ್ವನಿಗೆ ಸುಮ್ಮನಿರಲು ಸನ್ನೆ ಮಾಡಿ, ಅದನ್ನು ಎತ್ತಿ ಕಿವಿಗೆ ಹಿಡಿದಳು. ಮಾತಾಡಲಿಲ್ಲ.

"ಆ ಪತ್ತೇದಾರ ಬಾಯಿಗಿ ಇನ್ನೊಂದ ಮಾತ ಹೇಳಿದಿ ಅಂದ್ರ," ಎಂದಿತು ತಗ್ಗಿಸಿದ ಗಂಡು ದನಿ, "ಮಗನ ಮಾರಿ ನೋಡೂದಿಲ್ಲ ನೀ. ಪಾತೇಲಿ ಸುದ್ದಿ ಅಲ್ಲಿಗೇ ಬಿಡು."

ಪಾತೇಲಿಯ ಮಾತು ಈ ಕೋಣೆಯಲ್ಲಿ ಆಡಿ ಒಂದು ಕಪ್ಪು ಚಹಾ ಆರುವಷ್ಟೂ ಹೊತ್ತಾಗಿರಲಿಲ್ಲ.

"ಕಾಂದೇ ಬಟಾಟೇ," ಎಂಬ ಕೂಗು ಫೋನಿನೊಳಗೆ ಗಟ್ಟಿಯಾಗಿ ಕೇಳಿತು. ಅದೇ ಕೂಗು ಬಾಗಿಲಿಲ್ಲದ ಕಿಟಕಿಯಿಂದಲೂ ಒಳಗೆ ಬಂತು.